ಅತ್ತೆ ಮರ ನೋಡಲು ಹೊರಟದ್ದು

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಕೈಕಾಲು ಬುದ್ಧಿ ಎಲ್ಲ ನೆಟ್ಟಗಿದ್ದೂ "ನನಗೆ ಮಾವಿನ ಗಿಡ ಬೇಡ" ಎಂದು ಬಾಯಿಬಿಟ್ಟು ಹೇಳಿದ ಮನುಷ್ಯಪ್ರಾಣಿ ಈವರೆಗೆ ಒಂದೇ ಒಂದು. ಅದು ನಮ್ಮತ್ತೆ. ಇನ್ನೊಬ್ಬರು ಯಾರಾದರೂ ಇರುವುದು ನಿಮಗೆ ಗೊತ್ತಿದ್ದರೆ ದಯವಿಟ್ಟು ಆಕೆಗೆ ತಿಳಿಸಬೇಡಿ. ತಾನೊಬ್ಬಳೇ ಎಂಬ ಹೆಮ್ಮೆಯ ಮೇಲೆ ಆಕೆ ಇನ್ನೂ ಇಪ್ಪತ್ತು ವರ್ಷ ಬದುಕುವವಳಿದ್ದಾಳೆ!

ಆ ಮಾತು ಹೊರಬಿದ್ದದ್ದು ಒಂದು ಸಂಕ್ರಾಂತಿಯ ಮಧ್ಯಾಹ್ನ, ಯಲ್ದೂರಿನ ನಮ್ಮ ಮನೆಯ ಜಗಲಿಯಲ್ಲಿ. ಅಪ್ಪ ಕಂಬಕ್ಕೆ ಒರಗಿ ಕಡಲೆಕಾಯಿ ಬಿಡಿಸುತ್ತಿದ್ದರು. ಅಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ನಮ್ಮ ತೋಟದ ಫಸಲನ್ನು ಹೂವಿರುವಾಗಲೇ ಗುತ್ತಿಗೆ ಹಿಡಿಯುವ ಮಂಡಿ ಸಾಹೇಬರು ಆ ವರ್ಷದ ಹೂವು ನೋಡಲು ಬಂದು, ಎಳ್ಳುಬೆಲ್ಲ ಅಗಿಯುತ್ತ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಕೋಲಾರದಲ್ಲಿ ಮೇಷ್ಟ್ರಾಗಿರುವ ನಾನು ಹಬ್ಬದ ರಜೆಯನ್ನು ಗೋಡೆಗೊರಗಿ ಅನುಭವಿಸುತ್ತಿದ್ದೆ. ಅತ್ತೆ, ಅಂದರೆ ಅಪ್ಪನ ತಂಗಿ, ಬಾಗಿಲ ಪಕ್ಕ ಹೊಲಿಗೆ ಮಿಷನ್ ಮುಂದೆ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಕುಳಿತಿದ್ದಳು.

ಈ ಟೇಪು ಬೇರೆ ಹೆಂಗಸರು ಸರ ಹಾಕಿಕೊಳ್ಳುವ ಜಾಗದಲ್ಲಿ ನಲವತ್ತು ವರ್ಷದಿಂದ ಇದೆ. ಯಲ್ದೂರು ಹೋಬಳಿಯ ಅರ್ಧ ಹೆಂಗಸರ ಜಾಕೆಟ್ಟು ಅದರ ಅಳತೆಯಲ್ಲೇ ಆದದ್ದು. ಅತ್ತೆಯ ಎತ್ತರ ಆ ಟೇಪಿನ ಪ್ರಕಾರ ನಾಲ್ಕು ಅಡಿ ಒಂಬತ್ತು ಅಂಗುಲ. ಬೇರೆ ಯಾವ ಟೇಪಿನ ಪ್ರಕಾರವೂ ಅಷ್ಟಿಲ್ಲ!

ಮಂಡಿ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಶುರುಮಾಡಿದರು. "ಅಲ್ಲಾ ಅಮ್ಮಾ, ಮನೆ ಪಕ್ಕ ಹತ್ತು ಗುಂಟೆ ಹಂಗೇ ಖಾಲಿ ಬಿಟ್ಟಿದೀರಲ್ಲ. ಬಾದಾಮಿ ಗಿಡ ಹಾಕ್ಸಿ. ಹತ್ತು ಗಿಡ ಆರಾಮಾಗಿ ಕೂರ್ತದೆ."

"ಖಾಲಿ ಎಲ್ಲಿದೆ? ಅದು ತೋಟ," ಎಂದಳು ಅತ್ತೆ, ದಾರ ಕಚ್ಚುತ್ತ.

"ಯಾವ ತೋಟ?"

"ಹುಲ್ಲುತೋಟ."

ಸಾಹೇಬರ ಬಾಯಲ್ಲಿದ್ದ ಎಳ್ಳುಬೆಲ್ಲ ಅಲ್ಲೇ ನಿಂತಿತು. ಪಾಪ, ಅವರು ಹುಟ್ಟಿದಾಗಿನಿಂದ ಮಾವಿನ ನಡುವೆಯೇ ಇದ್ದವರು. ಭೂಮಿಯ ಮೇಲೆ ಮಾವು ಇಲ್ಲದ ಜಾಗವೆಲ್ಲ ಮಾವು ಬರಬೇಕಾದ ಜಾಗ ಎಂದು ನಂಬಿದವರು.

"ಬಾದಾಮಿ ಬೇಡಾಂದ್ರೆ ಬೇನಿಷಾ?"

"ಬೇಡ."

"ತೋತಾಪುರಿ? ಮಲ್ಲಿಕಾ? ಹೋಗ್ಲಿ, ನೀಲಂ?"

"ಸಾಹೇಬ್ರೇ, ನನಗೆ ಮಾವಿನ ಗಿಡ ಬೇಡ! ಎಡಕ್ಕೆ ತಿರುಗಿದ್ರೆ ಮಾವು, ಬಲಕ್ಕೆ ತಿರುಗಿದ್ರೆ ಮಾವು. ಊರು ಪೂರ್ತಿ ಮಾವಿಗೆ ಕೊಟ್ಟಾಯ್ತಲ್ಲ. ಹತ್ತು ಗುಂಟೆ ಹುಲ್ಲಿಗೆ ಬಿಟ್ರೆ ಯಾರಪ್ಪನ ಗಂಟು ಹೋಗ್ತದೆ?"

ಅಪ್ಪನ ಕೈಯಲ್ಲಿ ಕಡಲೆಕಾಯಿ ಟಪ್ಪೆಂದು ಒಡೆಯಿತು.

ಈ ಹತ್ತು ಗುಂಟೆಯ ವಿಷಯ ಹೇಳಬೇಕು. ಮದುವೆಯಾಗದೆ ಉಳಿದ ಮಗಳಿಗೆ ಒಂದು ತುಂಡು ನೆಲವನ್ನು 'ಅರಿಶಿನ ಕುಂಕುಮಕ್ಕೆ' ಅಂತ ಬಾಯಿಮಾತಿನಲ್ಲಿ ಬಿಡುವುದು ನಮ್ಮ ಕಡೆಯ ರೂಢಿ. ತಾತ ಸಾಯುವ ಮುಂಚೆ ಹಾಗೆ ಬಿಟ್ಟಿದ್ದರು. ಕಾಗದವಿಲ್ಲ, ಪತ್ರವಿಲ್ಲ, ಅಣ್ಣ ಇರುವಷ್ಟು ದಿನ ಅಣ್ಣನ ಮಾತೇ ಪತ್ರ. ಮೊದಲು ಅಲ್ಲಿ ಹಿಪ್ಪುನೇರಳೆ ಇತ್ತು. ಹುಳು ಸಾಕುವುದು ನಿಂತ ಮೇಲೆ ಅದನ್ನು ಕೀಳಿಸಿದರು. ಆ ವರ್ಷ ಒಳ್ಳೆಯ ಮಳೆಯಾಯಿತು. ಯಾರೂ ಕರೆಯದೆ, ಯಾರೂ ನೆಡದೆ ಹುಲ್ಲು ಬಂತು. ಸೊಂಟದೆತ್ತರದ ಕರಡ, ಕಾಲ ಕೆಳಗೆ ಗರಿಕೆ, ನಡುವೆ ನೀಲಿ ವಿಷ್ಣುಕಾಂತಿ, ಬಿಳಿ ತುಂಬೆ. ಗೌಜಲಹಕ್ಕಿ ಬಂದು ಮರಿಮಾಡಿತು. ಅತ್ತೆ ಮಿಷನ್ ತುಳಿಯುತ್ತ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಮಾರನೆಯ ವರ್ಷ ಉಳಲು ಬಂದವರನ್ನು ಬೈದು ಕಳಿಸಿದಳು!

ಬೀಳು ಬಿಟ್ಟಿದ್ದಾಳೆ ಎಂದು ನೀವು ತಿಳಿದರೆ ತಪ್ಪು. ಆ ಹುಲ್ಲಿಗೆ ಆಕೆ ಮಾಡುವ ಚಾಕರಿ ನೋಡಬೇಕು! ಬೆಳಗಾದರೆ ಒಳಗೆ ಹೊಕ್ಕು ಪಾರ್ಥೇನಿಯಂ ಕೀಳುತ್ತಾಳೆ, ಲಂಟಾನದ ಬುಡ ಅಗೆಯುತ್ತಾಳೆ. ಓಡಾಡಲು ಒಂದೇ ಒಂದು ಕಾಲುದಾರಿ, ಒಂದು ಮೊಳ ಅಗಲ, ಟೇಪು ಹಿಡಿದು ಅಳೆದದ್ದು. ಒಮ್ಮೆ ಮಂಡಿ ಸಾಹೇಬರು ಆ ದಾರಿ ಬಿಟ್ಟು ನಡುವೆ ನಡೆದು ಬಂದರು. ಮಾಗಿದ ಹುಲ್ಲಿನ ಊಬು ಅವರ ಪೈಜಾಮದ ಮೊಣಕಾಲವರೆಗೆ ಹೊಲಿದ ಹಾಗೆ ಚುಚ್ಚಿಕೊಂಡಿತ್ತು. ಅವರು ಕಿತ್ತು ಬೀದಿಗೆ ಎಸೆಯಲು ಹೋದರೆ ಅತ್ತೆ ಓಡಿಬಂದು ತಟ್ಟೆ ಒಡ್ಡಿದಳು.

"ಬೀಜ ನಂದು. ಇಲ್ಲಿ ಹಾಕಿ, ಆಮೇಲೆ ಹೋಗಿ."

ಸಾಹೇಬರು ಅರ್ಧ ಗಂಟೆ ಕುಳಿತು ಒಂದೊಂದಾಗಿ ಕಿತ್ತು ಒಪ್ಪಿಸಿದರು. "ಕಸ್ಟಮ್ಸಿನವರೂ ಇಷ್ಟು ಚೆಕಿಂಗ್ ಮಾಡಲ್ಲಮ್ಮಾ," ಎಂದು ಆಮೇಲೆ ಅಮ್ಮನ ಹತ್ತಿರ ಹೇಳಿಕೊಂಡರಂತೆ.

ಸರಿ, ಸಂಕ್ರಾಂತಿಯ ಜಗಲಿಗೆ ವಾಪಸು ಬರೋಣ. ಅಪ್ಪ ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದು ನಿಂತರು. ನಮ್ಮಪ್ಪ ಸಿಟ್ಟು ಬಂದರೆ ಕೂಗುವವರಲ್ಲ, ತೀರ್ಪು ಕೊಡುವವರು.

"ಏ ಕುಳ್ಳಿ," ಎಂದರು. ಹುಟ್ಟಿದಾಗಿನಿಂದ ಅಪ್ಪ ತಂಗಿಯನ್ನು ಕರೆಯುವುದು ಹಾಗೆಯೇ. "ಒಂದು ಮರ ಇಲ್ಲದ ಜಾಗಕ್ಕೆ ತೋಟ ಅಂತ ಯಾರೂ ಅನ್ನಲ್ಲ. ನೋಡಿದೋರು ಉಗೀತಾರೆ. ಯುಗಾದಿಯೊಳಗೆ ಅಲ್ಲಿ ಒಂದು ಮರ ನೆಟ್ಟು ತೋರ್ಸು. ಯಾವುದಾದ್ರೂ ಸರಿ. ಇಲ್ಲಾಂದ್ರೆ ಹಬ್ಬದ ದಿನ ವರ್ಷದ ಮೊದಲ ಉಳುಮೆ, ಹೊನ್ನಾರು, ಆ ಹುಲ್ಲಿಂದಲೇ ಶುರು. ಟ್ರ್ಯಾಕ್ಟರ್ ಬರ್ತದೆ, ಹಿಂದೆ ಬಾದಾಮಿ ಗಿಡ ಬರ್ತದೆ."

"ಒಂದೇ ಮರ ಸಾಕಾ?"

"ಸಾಕು."

"ನಾನು ಆರಿಸಿದ್ದು?"

"ನೀನು ಆರಿಸಿದ್ದೇ."

"ಬರ್ಲಿ ನಿನ್ನ ಟ್ರ್ಯಾಕ್ಟರು, ನೋಡ್ತೀನಿ!" ಎಂದಳು ಅತ್ತೆ. ಮಿಷನ್ನಿನ ಚಕ್ರ ಬರ್ರೆಂದು ತಿರುಗಿತು.

ಒಂದು ಮರ ಆರಿಸುವುದು ಎಷ್ಟು ಹೊತ್ತಿನ ಕೆಲಸ, ನೀವೇ ಹೇಳಿ? ನಮ್ಮತ್ತೆಗೆ ಅದು ಎರಡು ತಿಂಗಳಿನ ಕೆಲಸವಾಯಿತು. ಆಕೆಯ ಷರತ್ತುಗಳು ಹಾಗಿದ್ದವು. ಮರ ಇದೇ ಮಣ್ಣಿನದಾಗಿರಬೇಕು. ನೆರಳು ಕೊಡಬೇಕು, ಆದರೆ ಆ ನೆರಳು ಹುಲ್ಲನ್ನು ತಿನ್ನಬಾರದು. ನೀರಿಗೆ ನಮ್ಮ ಮುಖ ನೋಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ವಯಸ್ಸಾದರೂ ಮನೆಯ ಸೂರು ಮೀರಿ ಬೆಳೆಯಬಾರದು. "ನಾನು ಕತ್ತೆತ್ತಿ ಮಾತಾಡೋ ಮರ ನನಗೆ ಬೇಡ ಕಣೋ. ಇಷ್ಟು ವರ್ಷ ಎಲ್ಲರ ಹತ್ರ ಕತ್ತೆತ್ತಿ ಮಾತಾಡಿ ಸಾಕಾಗಿದೆ."

ಹೋಗಲಿ, ನೋಡಿ ಬರೋಣ ಎಂದೆ. ಅಲ್ಲೇ ನಾನು ಸಿಕ್ಕಿಬಿದ್ದದ್ದು. ಅತ್ತೆಗೆ 'ನೋಡಿ ಬರುವುದು' ಎಂದರೆ ಒಂದೇ ಅರ್ಥ. ಹೆಣ್ಣು ನೋಡುವ ಶಾಸ್ತ್ರ! ಭಾನುವಾರ ಬೆಳಿಗ್ಗೆ ನನ್ನ ಹಳೇ ಕಾರು ತರುವಷ್ಟರಲ್ಲಿ ಆಕೆ ರೇಷ್ಮೆ ಸೀರೆ ಉಟ್ಟು ರಾಹುಕಾಲ ನೋಡಿ ನಿಂತಿದ್ದಳು. ಇಬ್ಬರೇ ಹೋಗಬಾರದೆಂದು ಅಮ್ಮನನ್ನೂ ಎಳೆದು ಮೂವರಾಗಿ ಮಾಡಿದಳು. ಒಂದು ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು. ಒಂದು ಡಬ್ಬಿಯಲ್ಲಿ ಕೋಡುಬಳೆ. ಇವೆರಡರ ಹಿಂದೆ ಐದು ಅಂತಸ್ತಿನ ಹಿತ್ತಾಳೆ ಕ್ಯಾರಿಯರು: ಪುಳಿಯೋಗರೆ, ಅವರೆಕಾಳಿನ ಪಲ್ಯ, ಮೊಸರನ್ನ, ಉಪ್ಪಿನಕಾಯಿ, ಶ್ಯಾವಿಗೆ ಪಾಯಸ. ಅದರ ವಾಸನೆಗೆ ಕಾರು ತಾನಾಗೇ ಓಡುವಂತಿತ್ತು.

ಮಾಲೂರಿನ ಕಡೆ ಒಂದು ದೊಡ್ಡ ನರ್ಸರಿಗೆ ಹೋದೆವು. ಅದರ ಯಜಮಾನರು ಬಹಳ ಮರ್ಯಾದೆಯಿಂದ ಪಾಮ್ ಗಿಡಗಳ ಸಾಲಿಗೆ ಕರೆದೊಯ್ದರು.

"ಇದು ನೋಡಿಯಮ್ಮ, ಎಲ್ಲ ಹೊಸ ಮನೆಗಳ ಮುಂದೆ ಇದೇ."

"ಯಾವೂರಿಂದು?"

"ಬ್ರೆಜಿಲ್ ಕಡೇದು."

"ಅಷ್ಟು ದೂರದಿಂದ ಬಂದು ನಮ್ಮ ಬೋರ್‌ವೆಲ್ ನೀರು ಕುಡೀಬೇಕಾ? ಪಕ್ಕದ್ದು?"

"ಸಿಲ್ವರ್ ಓಕು. ಆಸ್ಟ್ರೇಲಿಯಾದ್ದು. ಹತ್ತು ವರ್ಷಕ್ಕೆ ಐವತ್ತು ಅಡಿ ಹೋಗ್ತದೆ!"

"ಹೋಗ್ಲಿ, ಆಸ್ಟ್ರೇಲಿಯಾಕ್ಕೇ ಹೋಗ್ಲಿ. ನಮ್ಮೂರಿಂದು ಏನೂ ಇಲ್ವೇನಪ್ಪಾ?"

ಯಜಮಾನರು ಬಹಳ ಹೊತ್ತು ಯೋಚಿಸಿ, "ಮಾವು ಇದೆ," ಎಂದರು!

ಮರದ ಕೆಳಗೆ ಕುಳಿತು ತಲಾ ಎರಡು ಕೋಡುಬಳೆ ತಿಂದೆವು. ನಾನು ಕ್ಯಾರಿಯರಿನ ಕೊಂಡಿಗೆ ಕೈಹಾಕಿದೆ. ಅತ್ತೆ ಟೇಪಿನ ತುದಿಯಿಂದ ಕೈಗೆ ಹೊಡೆದಳು.

"ಒಪ್ಪಿಗೆ ಆಗದ ಕಡೆ ಊಟ ಮಾಡ್ತಾರೇನೋ ಮಂಕೇ? ತಿಂಡಿ ಕಾಫಿ ಅಷ್ಟೇ."

ಇದು ನಿಜ. ಹೆಣ್ಣು ನೋಡಲು ಹೋದವರು ಒಪ್ಪಿಗೆಯಾಗುವವರೆಗೆ ಆ ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣುವುದಿಲ್ಲ. ಒಪ್ಪಿದರೆ ಊಟ, ಇಲ್ಲವಾದರೆ ಕೋಡುಬಳೆಯಲ್ಲೇ ಕೈತೊಳೆಯುವುದು. ಆದರೆ ಆ ನಿಯಮವನ್ನು ಮರಗಳಿಗೂ, ಹಸಿದ ಅಳಿಯನಿಗೂ ಅನ್ವಯಿಸಬೇಕೆಂದು ಯಾವ ಶಾಸ್ತ್ರದಲ್ಲಿದೆ? ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಕ್ಯಾರಿಯರು ಹೇಗೆ ಹೋಗಿತ್ತೋ ಹಾಗೇ ಮನೆಗೆ ಬಂತು. ಊಟ ಮನೆಯಲ್ಲೇ ಆಯಿತು.

ಮುಂದಿನ ಭಾನುವಾರ ಕುರುಡುಮಲೆ. ಗಣೇಶನಿಗೆ ಕೈಮುಗಿದು ಬೆಟ್ಟದ ಬುಡಕ್ಕೆ ಹೋದೆವು. ಮೊದಲು ಸಿಕ್ಕಿದ್ದು ಕಕ್ಕೆಮರ, ಉದ್ದುದ್ದ ಕರಿ ಕಾಯಿ ನೇತುಹಾಕಿಕೊಂಡು. ಅತ್ತೆ ಕೊರಳಿನ ಟೇಪು ತೆಗೆದಳು. ಕಾಂಡದ ಸುತ್ತ ಹಿಡಿದು, "ಸೊಂಟ ಮೂವತ್ತಾರು," ಎಂದಳು. ಕೆಳಗಿನ ಕೊಂಬೆ ಅಳೆದು, "ತೋಳು ಉದ್ದ," ಎಂದಳು. ಆಮೇಲೆ ಕತ್ತೆತ್ತಿ ನೋಡಿದಳು. ಅಲ್ಲಿಗೆ ಕಕ್ಕೆಯ ಸಂಬಂಧ ಮುರಿಯಿತು.

ಬನ್ನಿಗೂ ಅದೇ ಗತಿ. "ಒಳ್ಳೇ ಮನೆತನ. ಆದ್ರೆ ಹಬ್ಬ ಬಂದ್ರೆ ಊರೋರೆಲ್ಲ ಪೂಜೆಗೆ ಬಂದು ನನ್ನ ಹುಲ್ಲು ತುಳೀತಾರೆ." ಅಂಕೋಲೆಯ ಹಣ್ಣಿಗೆ ಕೋತಿಗಳು ಬರುತ್ತವೆ ಎಂದು ಬೇಡವಾಯಿತು. ಕಾರೆಯ ಮುಂದೆ ಮಾತ್ರ ಆಕೆ ಬಹಳ ಹೊತ್ತು ನಿಂತಳು. ಗಿಡ್ಡ, ಗಟ್ಟಿ, ಮೈತುಂಬ ಮುಳ್ಳು.

"ಇದಾಗಬಹುದಲ್ಲ ಅತ್ತೆ?" ಎಂದೆ, ಪುಳಿಯೋಗರೆಯ ಆಸೆಯಿಂದ.

"ಬೇಡ ಕಣೋ. ನನ್ನ ಸ್ವಭಾವದ್ದೇ. ಒಂದು ಮನೇಲಿ ನಾವಿಬ್ರು ಏಗೋಕಾಗಲ್ಲ."

ಬಂಡೆಯ ಮೇಲೆ ಕುಳಿತಿದ್ದ ಅಮ್ಮ ನಕ್ಕ ನಗುವಿಗೆ ಕ್ಯಾರಿಯರು ತೊಡೆಯಿಂದ ಜಾರಿತು.

ಹೀಗೆ ಏಳು ಭಾನುವಾರ! ನನ್ನ ಪೆಟ್ರೋಲು, ಅಮ್ಮನ ಸೊಂಟ, ಕೋಡುಬಳೆ, ಮೂರೂ ಒಟ್ಟಿಗೆ ಮುಗಿಯುತ್ತ ಬಂದವು. ಒಂದು ದಿನ ನಾನು ರೇಗಿದೆ. "ಅಲ್ಲ ಅತ್ತೆ, ನೀವು ಹೀಗೆ ಒಂದೊಂದಕ್ಕೂ ಕೊಂಕು ತೆಗೆದರೆ ಆ ಮರಗಳ ಮನಸ್ಸಿಗೆ ಎಷ್ಟು ನೋವಾಗಬೇಡ?"

ಆಕೆ ಕಿಟಕಿಯಾಚೆ ನೋಡುತ್ತ ಹೇಳಿದಳು, "ಏನಾಗಲ್ಲ. ನನ್ನನ್ನ ಹನ್ನೊಂದು ಸಲ ನೋಡಿ ಹೋದ್ರು. ಹನ್ನೊಂದು ಸಲವೂ ನಮ್ಮಮ್ಮ ಪಾಯಸ ಮಾಡಿದ್ಲು. ಬಡಿಸೋಕೆ ಅಂತ ಸೆರಗು ಸಿಕ್ಕಿಸಿಕೊಂಡು ನಿಂತಿರ್ತಿದ್ದೆ. ಅವರು ಕೇಸರಿಬಾತ್ ತಿಂದು, ಹುಡುಗಿ ಸ್ವಲ್ಪ ಕುಳ್ಳು ಅಂತ ಹೇಳಿ ಹೊರಟುಬಿಡೋರು. ಪಾಯಸ ನಾನೂ ನಿಮ್ಮಪ್ಪನೂ ಕುಡೀತಿದ್ವಿ. ಏನಾಯ್ತು ನನಗೆ? ನೆಟ್ಟಗೇ ಇದೀನಲ್ಲ! ಗೇರ್ ಬದಲಾಯ್ಸು, ಗಾಡಿ ಗೊಣಗ್ತಿದೆ."

ಗೇರ್ ಬದಲಾಯಿಸಿದೆ.

ಯುಗಾದಿಗೆ ಒಂದು ವಾರ ಉಳಿದಿತ್ತು. ಬೈರಕೂರಿನಾಚೆ, ಆಂಧ್ರದ ಗಡಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಒಂದು ಬಂಡೆಗುಡ್ಡ. ಮಾವಿನ ತೋಟದವರು ಇನ್ನೂ ಹತ್ತದೆ ಬಿಟ್ಟ ಗುಡ್ಡ. ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಕುರಿಗಳು, ಕುರಿಗಳ ಹಿಂದೆ ಕಂಬಳಿಯ ಮುದುಕಪ್ಪ ಒಬ್ಬರು. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಸೊಟ್ಟ ಮರ. ಎಲೆ ಹೆಚ್ಚಿಲ್ಲ. ಕೊಂಬೆಯ ತುದಿಯಲ್ಲೆಲ್ಲ ಹಳದಿ ಅಂಟಿನ ಹನಿ. ಆ ಬಡಕಲು ಮರದ ತುಂಬ ಬೆಳ್ಳನೆಯ ಹೂವು, ನಿನ್ನೆಯವು ಹಳದಿಗೆ ತಿರುಗಿದ್ದವು. ಪರಿಮಳ ನಮ್ಮ ಕಾರಿನವರೆಗೂ ಬಂತು.

"ಬಿಕ್ಕೆ," ಎಂದಳು ಅತ್ತೆ. ಅಷ್ಟೇ ಅಂದದ್ದು. ಟೇಪು ತೆಗೆದು ಹೋಗಿ ಅಳೆಯತೊಡಗಿದಳು. ಮುದುಕಪ್ಪ ಕೋಲೂರಿ ನೋಡುತ್ತಿದ್ದವರು ತೆಲುಗಿನಲ್ಲಿ ಕೂಗಿದರು:

"ಏಮಮ್ಮಾ, ಚೆಟ್ಟುಕಿ ಜಾಕೆಟ್ಟು ಕುಡತಾವಾ?"

ಮರಕ್ಕೆ ಜಾಕೆಟ್ಟು ಹೊಲೀತೀಯಾ ಅಂತ! ಅತ್ತೆಯಾದರೂ ಸುಮ್ಮನಿರುವವಳೇ? "ನಿನಗೂ ಒಂದು ಹೊಲೀತೀನಿ, ಬಾ ತಾತಾ, ಅಳತೆ ಕೊಡು!" ಎಂದಳು. ಮುದುಕಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕು ಹತ್ತಿರ ಬಂದರು. ಅಲ್ಲಿಂದ ಸಂಬಂಧದ ವಿಚಾರಣೆ ಶುರುವಾಯಿತು.

"ಇದಕ್ಕೇನಾದ್ರೂ ಕೆಟ್ಟ ಚಟ ಇದೆಯಾ ತಾತಾ?"

"ಏನೂ ಇಲ್ಲಮ್ಮಾ. ಕುರಿ ಮೂಸಿ ನೋಡಿ ಬಿಟ್ಟುಬಿಡ್ತದೆ. ಹಣ್ಣು ಮಕ್ಕಳು ತಿಂತಾರೆ."

"ವಯಸ್ಸೆಷ್ಟು?"

"ನಾನು ಕುರಿ ಹಿಂದೆ ಬರೋಕೆ ಶುರುಮಾಡ್ದಾಗ್ಲೂ ಇಷ್ಟೇ ಇತ್ತು. ಈಗ್ಲೂ ಇಷ್ಟೇ. ವರ್ಷಾವರ್ಷ ಹುಲ್ಲಿಗೆ ಬೆಂಕಿ ಬೀಳ್ತದೆ, ಇದೂ ಬೇಯ್ತದೆ. ಮಳೆ ಬಿದ್ರೆ ಬುಡದಿಂದ ಮತ್ತೆ ಬರ್ತದೆ. ಮೊಂಡು ಮರ ತಾಯೀ, ಮೊಂಡು."

ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡಳು. ನನ್ನ ಕಡೆ ತಿರುಗಿ, "ಕ್ಯಾರಿಯರ್ ತಗೊಂಡ್ಬಾ," ಎಂದಳು.

ಆ ಮಾತನ್ನು ಕೇಳಿದಾಗ ನನಗಾದ ಸಂತೋಷ ಕೆಲಸದ ಆರ್ಡರ್ ಬಂದ ದಿನವೂ ಆಗಿರಲಿಲ್ಲ! ಮುತ್ತುಗದೆಲೆ ಹಾಸಿ, ಮುದುಕಪ್ಪನನ್ನೂ ಕೂರಿಸಿ, ಬಿಕ್ಕೆಮರದ ಜಾಳು ನೆರಳಿನಲ್ಲಿ ಊಟ ಮಾಡಿದೆವು. ಮೊದಲನೆಯ ತುತ್ತು ಪಾಯಸವನ್ನು ಅತ್ತೆ ಮರದ ಬುಡಕ್ಕೆ ಹಾಕಿದಳು. ಉಳಿದ ಪಾಯಸದ ಅಂತಸ್ತನ್ನು ಮಾತ್ರ ನಮಗೆ ಮುಟ್ಟಲು ಬಿಡಲಿಲ್ಲ. "ಇದು ನಿಮ್ಮಪ್ಪಂದು. ಮನೆ ಹಿರಿಯ ಉಂಡರೇ ಒಪ್ಪಿಗೆ."

ಒಂದು ಗಿಡ ಅಗೆದು ಕೊಡಲೇ ಎಂದು ಮುದುಕಪ್ಪ ಕೇಳಿದರು. ಇದರ ಬೇರು ಬಂಡೆಯೊಳಗೆ ಇಳಿದಿರುತ್ತದೆ, ಕಿತ್ತರೆ ಬದುಕುವುದಿಲ್ಲ ಎಂದು ಅತ್ತೆ ಒಪ್ಪಲಿಲ್ಲ. ಹೋದ ವರ್ಷದ ನಾಲ್ಕು ಹಣ್ಣು ಹುಡುಕಿ ಸೆರಗಿಗೆ ಕಟ್ಟಿಕೊಂಡಳು. ಯುಗಾದಿಗೆ ಏಳು ದಿನ, ಆಕೆಯ ಕೈಯಲ್ಲಿ ಬೀಜ! ಎಲ್ಲ ಮರೆತವರು ಮಾಡುವ ತಪ್ಪನ್ನು ಎಲ್ಲ ನೆನಪಿಟ್ಟುಕೊಂಡೇ ಮಾಡುವುದು ನಮ್ಮತ್ತೆಯ ವೈಶಿಷ್ಟ್ಯ.

ಮನೆಗೆ ಬಂದು ಅಪ್ಪನ ಮುಂದೆ ಆ ಅಂತಸ್ತು ಇಟ್ಟು, "ಬಿಕ್ಕೆ ನೋಡಿ ಬಂದ್ವಿ," ಎಂದಳು.

ಅಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಎದ್ದು ಟವೆಲು ಕೊಡವಿ, "ನನಗೆ ಹಸಿವಿಲ್ಲ," ಎಂದು ತೋಟದ ಕಡೆ ಹೊರಟುಹೋದರು. ಪಾಯಸ ಕೋಳಿಗಳ ಪಾಲಾಯಿತು.

ಯುಗಾದಿ ಬಂತು. ಅಪ್ಪ ಮಾತು ತಪ್ಪುವವರಲ್ಲ. ಈಗ ಮನೆಯಲ್ಲಿ ಎತ್ತಿಲ್ಲದ್ದರಿಂದ ಟ್ರ್ಯಾಕ್ಟರಿಗೇ ಅರಿಶಿನ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಬೆಳಿಗ್ಗೆಯೇ ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿದರು. ನೋಡಿದರೆ ಹತ್ತು ಗುಂಟೆಯ ನಟ್ಟನಡುವೆ ಅತ್ತೆ! ಹೊಲಿಗೆ ಮಿಷನ್ನನ್ನು ಅಲ್ಲಿಗೇ ಹೊರಿಸಿಕೊಂಡು ಹೋಗಿ, ಸೊಂಟದೆತ್ತರದ ಹುಲ್ಲಿನಲ್ಲಿ ಕುಳಿತು ಕಟಕಟ ಹೊಲಿಯುತ್ತಿದ್ದಾಳೆ. ದೂರಕ್ಕೆ ತಲೆ ಮಾತ್ರ ಕಾಣುತ್ತದೆ.

"ಮರ ಎಲ್ಲಿ?" ಎಂದರು ಅಪ್ಪ.

"ನನ್ನ ಕಾಲ ಹತ್ರ."

"ಏನೂ ಕಾಣ್ತಿಲ್ಲವಲ್ಲ?"

"ಮಣ್ಣೊಳಗಿದೆ. ಮಳೆ ಬರ್ಲಿ, ಕಾಣ್ತದೆ."

"ಕುಳ್ಳೀ, ತಮಾಷೆ ಬೇಡ. ಏಳು ಮೇಲೆ."

"ಏಳಲ್ಲ. ಹತ್ತು ಗುಂಟೆ ನಂದು ಅಂತ ಅಪ್ಪ ಅಂದಾಗ ನೀನೂ ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ನೀವು ಎದ್ದು ಬಾ ಅಂದಾಗ ಎದ್ದು ಬಂದೆ, ಕೂತ್ಕೋ ಅಂದಾಗ ಕೂತೆ, ತಟ್ಟೆ ಹಿಡ್ಕೊಂಡು ಹೋಗಿ ನಿಂತ್ಕೋ ಅಂದಾಗ ನಿಂತೆ. ಇವತ್ತು ನಾನೇ ಕೂತಿದೀನಿ. ಓಡ್ಸು ನಿನ್ನ ಟ್ರ್ಯಾಕ್ಟರು!"

ಅಪ್ಪ ಡ್ರೈವರಿಗೆ ಕೈಸನ್ನೆ ಮಾಡಿದರು. ಡ್ರೈವರು ಕೀಲಿ ತಿರುಗಿಸಿದ. ಮತ್ತೆ ಆರಿಸಿದ. ತಲೆ ಕೆರೆದುಕೊಂಡ.

"ಅಣ್ಣಾ, ನಮ್ಮನೆಯವಳ ಹಬ್ಬದ ಜಾಕೆಟ್ಟು ಅದೇ ಮಿಷನ್ ಮೇಲಿದೆ. ಒಂದು ತೋಳು ಆಗಿದೆ, ಇನ್ನೊಂದು ಆಗ್ಲಿ. ಇಲ್ಲಾಂದ್ರೆ ನಾನು ಮನೆಗೆ ಹೋಗೋ ಹಂಗಿಲ್ಲ."

ಅಷ್ಟರಲ್ಲಿ ಬೀದಿಯ ಕಡೆಯಿಂದ ಹೆಂಗಸರು ಬಂದರು. ಎಂಟು ಹತ್ತು ಜನ, ಎಣ್ಣೆಸ್ನಾನದ ತಲೆಗೆ ಟವೆಲು ಸುತ್ತಿಕೊಂಡು. ಎಲ್ಲರ ಜಾಕೆಟ್ಟೂ ಬಾಕಿ! ಅತ್ತೆ ವಾರದಿಂದ ಒಂದೊಂದು ತೋಳು ಮಾತ್ರ ಹೊಲಿದಿಟ್ಟಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು. ಅವರು ಮೊಳ ಅಗಲದ ದಾರಿಯಲ್ಲಿ ಸಾಲಾಗಿ ನಿಂತರು. ಒಬ್ಬಾಕೆ ಅಪ್ಪನಿಗೆ, "ಏನಣ್ಣಾ ಇದು, ಹಬ್ಬದ ದಿನ ನಮ್ಮನ್ನ ತೋಳಿಲ್ಲದ ಜಾಕೆಟ್‌ನಲ್ಲಿ ದೇವರಿಗೆ ಕಳಿಸ್ತೀರಾ?" ಎಂದು ಕೇಳಿದಳು. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಟ್ರ್ಯಾಕ್ಟರಿನ ಹಿಂದಕ್ಕೆ ಸರಿದರು. ಯಾವ ಗಂಡಸು ತಾನೇ ಎದುರು ನಿಂತಾನು?

ಮಧ್ಯಾಹ್ನ ಒಬ್ಬಟ್ಟಿನ ಹೊತ್ತಾದರೂ ತೋಳುಗಳು ಮುಗಿಯಲಿಲ್ಲ. ಟ್ರ್ಯಾಕ್ಟರು ಪಕ್ಕದ ಹೊಲದಲ್ಲಿ ಹೊನ್ನಾರು ಮುಗಿಸಿ ವಾಪಸು ಹೋಯಿತು.

ಮಳೆ ಬಂದ ಮೇಲೆ ಬಿಕ್ಕೆ ನಿಜವಾಗಿಯೂ ಹುಟ್ಟಿತು. ಎರಡು ಎಲೆ, ಆಮೇಲೆ ನಾಲ್ಕು ಎಲೆ. ಆಮೇಲೆ ತನ್ನ ಕೆಲಸ ಮುಗಿಯಿತೆಂದು ಸುಮ್ಮನೆ ನಿಂತಿತು. ಎರಡು ಮಳೆಗಾಲ ಕಳೆದರೂ ಒಂದು ಗೇಣು ದಾಟಲಿಲ್ಲ. ಅತ್ತೆ ಪ್ರತಿ ತಿಂಗಳು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಅಪ್ಪ ದಾಟಿ ಹೋಗುವಾಗೆಲ್ಲ, "ಏನಮ್ಮಾ, ನೆರಳಿಗೆ ಚಾಪೆ ಹಾಕ್ಲಾ?" ಎನ್ನುತ್ತಿದ್ದರು. "ಇರುವೆಗಳು ಆಗ್ಲೇ ಹಾಕಿವೆ, ಜಾಗ ಇಲ್ಲ," ಎನ್ನುತ್ತಿದ್ದಳು ಅತ್ತೆ.

ಮೂರನೆಯ ಬೇಸಿಗೆಯ ಶುರುವಿನಲ್ಲಿ ಅಪ್ಪ ತೋಟದ ತರಗೆಲೆ ಗುಡ್ಡೆಮಾಡಿ ಬೆಂಕಿ ಹಾಕಿದರು. ಪ್ರತಿ ವರ್ಷ ಹಾಕುವುದೇ. ಆ ದಿನ ಗಾಳಿ ತಿರುಗಿತು. ಒಂದು ಕಿಡಿ ಬೇಲಿ ಹಾರಿ ಒಣಹುಲ್ಲಿಗೆ ಬಿತ್ತು. ಅಪ್ಪ ಗೋಣಿಚೀಲ ನೆನೆಸಿಕೊಂಡು ಓಡಿದರು, ನಾವೆಲ್ಲ ಓಡಿದೆವು. ಕಾಲು ಗಂಟೆಯೊಳಗೆ ಹತ್ತು ಗುಂಟೆಯೂ ಕರ್ರಗಾಯಿತು. ಬಿಕ್ಕೆ ಇದ್ದ ಜಾಗದಲ್ಲಿ ಸುಟ್ಟ ಬೆಂಕಿಕಡ್ಡಿಯಂಥ ಒಂದು ಕಡ್ಡಿ ಇತ್ತು. ಅಪ್ಪನ ಹುಬ್ಬು ಸುಟ್ಟು ಅರ್ಧ ಉಳಿದಿತ್ತು. ಬೇರೆ ದಿನವಾಗಿದ್ದರೆ ಅತ್ತೆ ಅದನ್ನು ಹಿಡಿದು ಒಂದು ವರ್ಷ ನಗಿಸುತ್ತಿದ್ದಳು. ಆ ದಿನ ನೇರ ಒಳಗೆ ನಡೆದಳು. ಮಿಷನ್ ಮುಂದೆ ಹೋಗಿ ಕುಳಿತಳು. ಕಿಟಕಿ ಮುಚ್ಚಿದಳು.

ಇನ್ನು ಉಳಲು ತಡೆಯಿಲ್ಲ. ಟ್ರ್ಯಾಕ್ಟರು ಯಾವಾಗ ಬರುತ್ತದೋ ಎಂದು ನಾನು ಕಾದೆ. ಬರಲಿಲ್ಲ. ಮಂಡಿ ಸಾಹೇಬರು ಮೆಲ್ಲಗೆ ಬಾದಾಮಿಯ ಮಾತೆತ್ತಿದರು. ಅಪ್ಪ, "ಸಾಹೇಬ್ರೇ, ಹೂವು ನೋಡೋಕೆ ಬಂದೋರು ಹೂವು ನೋಡಿ," ಎಂದರು.

ಒಂದು ಭಾನುವಾರ ನಾನೂ ಅಪ್ಪನೂ ಆ ಕರಿನೆಲದ ಬದುವಿನ ಮೇಲೆ ಕುಳಿತಿದ್ದೆವು. ಅಪ್ಪ ತಾವಾಗಿಯೇ ಹೇಳಿದರು.

"ಹನ್ನೆರಡನೇ ಸಲ ನೋಡೋಕೆ ಬಂದಾಗ ಅವಳು ಹಿತ್ತಲ ಬಾಗಿಲಿಂದ ಓಡಿಹೋದ್ಲು. ಹುಡುಕೋಕೆ ಅಂತ ಅಪ್ಪ ನನ್ನನ್ನ ಕಳಿಸಿದ್ರು. ಈಗ ನಮ್ಮ ಮಾವಿನ ತೋಟ ಇದೆಯಲ್ಲ, ಆಗ ಅದು ಪೂರ್ತಿ ಹುಲ್ಲು. ನಡುವೆ ಒಂದು ಬಿಕ್ಕೆಮರ. ಅದರ ಕೆಳಗೆ ಕೂತಿದ್ಲು, ರೇಷ್ಮೆ ಸೀರೇಲಿ. ನನ್ನ ನೋಡಿದ್ಲು. ನಾನು ವಾಪಸ್ ಬಂದು, ಎಲ್ಲೂ ಇಲ್ಲ ಅಂದೆ."

ಒಂದು ಚಿಟಿಕೆ ಬೂದಿ ಎತ್ತಿ ಬೆರಳಲ್ಲಿ ಉಜ್ಜಿದರು.

"ಆಮೇಲೆ ತೋಟ ಹಾಕುವಾಗ ಆ ಮರ ನಾನೇ ಕೀಳಿಸ್ದೆ. ಅವಳು ಒಂದು ಮಾತೂ ಕೇಳ್ಲಿಲ್ಲ."

ಆ ತಿಂಗಳ ಕೊನೆಗೆ ಒಂದು ಮಳೆ ಬಿತ್ತು. ಎರಡು ದಿನದ ಮೇಲೆ ಇನ್ನೊಂದು ಸಲ ಜೋರಾಗಿ ಬಿತ್ತು. ನಾನು ಊರಿಗೆ ಹೋದ ಭಾನುವಾರ ಹುಲ್ಲು ಬೆರಳುದ್ದ ಹಸಿರಾಗಿತ್ತು. ಅಪ್ಪ ಹೊರಗಿನಿಂದ ಬಂದು, ಕಾಲು ತೊಳೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಆ ಹಿತ್ತಾಳೆ ಕ್ಯಾರಿಯರ್ ಎಲ್ಲಿದೆ?" ಎಂದು ಅಮ್ಮನನ್ನು ಕೇಳಿದರು. ಪಾಯಸ ಮಾಡು ಎಂದರು. ಆಮೇಲೆ ತಾವೇ ಬಾಳೆಎಲೆ ಕೊಯ್ದುಕೊಂಡು ಮೊಳ ಅಗಲದ ದಾರಿಯಲ್ಲಿ ನಡೆದುಹೋದರು. ನಡುವೆ, ಆ ಸುಟ್ಟ ಕಡ್ಡಿಯ ಬುಡದಲ್ಲಿ ಮೂರು ಚಿಗುರು ಬಂದಿದ್ದವು. ಅದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಎಲೆ ಹಾಸಿಕೊಂಡರು.

"ಏ ಕುಳ್ಳೀ," ಎಂದು ಕಿಟಕಿಯ ಕಡೆ ಕೂಗಿದರು, "ಹಸಿವಾಗ್ತಿದೆ. ಬಂದು ಬಡಿಸು."

ಕಿಟಕಿ ತೆರೆಯಿತು. ಅತ್ತೆ ಕ್ಯಾರಿಯರು ಹಿಡಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ಬಡಿಸಿದಳು. ಅಪ್ಪ ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು.